ಹಡೆಯುವ ಮೊದಲು ಬರೆಯದ ಹೆಸರು

ಶಿರಹಟ್ಟಿ ಸೀಮೆಯ ಆ ಸಣ್ಣ ದವಾಖಾನೆಗೆ ೧೯೭೮ರಲ್ಲಿ ಮೇಲಿನವರಿಂದ ಒಂದು ಫಾರಂ ಬಂತು. ಮುಂದಿನ ಹತ್ತು ವರ್ಷಕ್ಕೆ ಅರಿವಳಿಕೆ ಕೊಡುವ ಡಾಕ್ಟರು ಎಷ್ಟು ಮಂದಿ ಬೇಕಾದಾರು ಎಂದು ಅಂದಾಜು ಹಾಕಲು, ಹಿಂದಿನ ಮೂರು ವರ್ಷದಲ್ಲಿ ಅರಿವಳಿಕೆ ಬೇಕಾಗಿದ್ದವರೆಷ್ಟು ಎಂದು ರಿಜಿಸ್ಟರ್ ನೋಡಿ ತುಂಬಬೇಕಿತ್ತು.

ಗುಮಾಸ್ತ ಕೊಟ್ರಪ್ಪ ಹಾಳೆ ತಿರುವಿ ನಕ್ಕ. "ದಿಲಶಾದಕ್ಕಾ, ಸೊನ್ನಿ ನೋಡ್ರಿ. ನಮ್ಮ ಸೀಮಿ ಮಂದಿಗೆ ನೋವಽ ಆಗೂದಿಲ್ಲ!"

ನರ್ಸ್ ದಿಲಶಾದಬಿಗೆ ನಗು ಬರಲಿಲ್ಲ. ಕೂಸು ಅಡ್ಡ ಬಿದ್ದು, ಹೊಟ್ಟೆ ಕೊಯ್ಯಲೇಬೇಕೆಂದು ಗದಗಿಗೆ ಕಳಿಸಿದ ಹತ್ತೊಂಬತ್ತು ಹೆಣ್ಣುಮಕ್ಕಳ ಮುಖ ಅವಳಿಗೆ ನೆನಪಿತ್ತು. ಆದರೆ ಒಬ್ಬಳ ಹೆಸರನ್ನೂ ಅವಳು ಬರೆದಿರಲಿಲ್ಲ. ಪೆನ್ನು ತೆಗೆದರೆ ಅತ್ತೆಯರು ಕೈ ಹಿಡಿಯುತ್ತಿದ್ದರು: "ಹಡಿಯೂಕಿಂತ ಮದ್ಲ ಹೆಸರ ಬರೀಬ್ಯಾಡ್ರಿ ಬಾಯಾರ, ದೃಷ್ಟಿ ಆಕ್ಕತಿ." ಕೂಸು ಕೈಗೆ ಬಂದ ಮೇಲೆಯೇ ತಾಯಿಯ ಹೆಸರು ಪುಸ್ತಕಕ್ಕೆ. ನೋವಿನಲ್ಲಿದ್ದವರ ಮನಸ್ಸು ಯಾಕೆ ಮುರಿಯಬೇಕೆಂದು ಅವಳೂ ಪೆನ್ನು ಮುಚ್ಚಿಡುತ್ತಿದ್ದಳು. ಗದಗಿಗೆ ಹೋದವರಾರೂ ತಿರುಗಿ ಬಂದು ಹೆಸರು ಬರೆಸಲಿಲ್ಲ. ಆರು ಮಂದಿ ಗದಗನ್ನೇ ಮುಟ್ಟಲಿಲ್ಲ.

"ಹತ್ತೊಂಬತ್ತ ಅಂತ ಬರಿಯೋ," ಎಂದಳು.

"ಹೆಸರಿಲ್ಲದವ್ರನ್ನ ಹೆಂಗ ಬರೀಲಿ? ತಪಾಸಣಿಗೆ ಬಂದ್ರ ನಿಮ್ಮ ಮಾರಿ ತೋರಸ್ಲೇನು?"

ಸೊನ್ನೆಯೇ ಹೋಯಿತು. ಎರಡು ವರ್ಷದ ಮೇಲೆ ಉತ್ತರ ಬಂತು: ೧೯೮೮ರವರೆಗೆ ಇಲ್ಲಿ ಅಂಥ ಹುದ್ದೆಯ ಅಗತ್ಯ ಕಾಣುವುದಿಲ್ಲ.

೧೯೮೨ರಲ್ಲಿ ದಿಲಶಾದಬಿಯ ಮಗಳು ಅಖ್ತರಿ ಚೊಚ್ಚಲ ಹೆರಿಗೆಗೆ ಬಾಳೆಹೊಸೂರಿನಿಂದ ತವರಿಗೆ ಬಂದಳು. ಎರಡು ದಿನ ನೋವು ತಿಂದರೂ ಕೂಸು ಇಳಿಯಲಿಲ್ಲ.

"ಕೊಯ್ಯಾಕ ನನಗ ಬರತೈತಿ ಬಾಯಾರ. ಅರಿವಳಿಕಿ ಕೊಡಾವ್ರು ಎಲ್ಲದಾರ?" ಎಂದು ದವಾಖಾನೆಯ ಡಾಕ್ಟರು ತಲೆ ತಗ್ಗಿಸಿ, ಗದಗಿಗೆ ಒಯ್ಯಲು ಜೀಪು ತರಿಸಿದರು.

ಕೊಟ್ರಪ್ಪ ರಿಜಿಸ್ಟರ್ ಹಿಡಿದು ಜೀಪಿನ ಬಳಿ ಓಡಿ ಬಂದ. ಈ ಸಲ ಚೇಷ್ಟೆ ಇರಲಿಲ್ಲ. "ಅಕ್ಕಾ, ಇಕಿ ಹೆಸರರೆ ಬರೀಲೇನ್ರಿ?"

ಆ ಸೊನ್ನೆ ಹೋದಂದಿನಿಂದ ಕಂಡಕಂಡ ಅತ್ತೆಯರಿಗೆಲ್ಲ 'ಬರಸ್ರವ್ವಾ, ಏನೂ ಆಗೂದಿಲ್ಲ' ಎಂದು ಗೋಗರೆದವಳು ದಿಲಶಾದಬಿ. ಮಗಳ ಬೆವೆತ ಹಣೆ ನೋಡಿದಳು.

"ಬ್ಯಾಡೋ ಯಪ್ಪಾ. ಹಡದು ಬರ್ಲಿ."

ಕೊಟ್ರಪ್ಪ ಪುಸ್ತಕ ಮುಚ್ಚಿದ.

ಅರ್ಧ ದಾರಿಯಲ್ಲಿ, ತೊಡೆಯ ಮೇಲೆ ತಲೆಯಿಟ್ಟಿದ್ದ ಅಖ್ತರಿ ಕಣ್ಣು ತೆರೆಯದೆ ಕೇಳಿದಳು: "ಅಮ್ಮಾ, ಗದಗ ಬಂತೇನ?"

ಎರಡೂ ಕಡೆ ಬರೀ ಎರೆಹೊಲ.

"ಬಂತು ಮಗಳ, ಇಲ್ಲೇ ಬಂತು," ಎಂದು ತಲೆ ಸವರಿದಳು.

ಅಖ್ತರಿ ಮತ್ತೆ ಕೇಳಲಿಲ್ಲ. ಹಿಡಿದಿದ್ದ ಕೈ ತಣ್ಣಗಾದ ಮೇಲೂ, ಜೀಪು ನಿಲ್ಲಿಸೆಂದು ಹೇಳಲು ದಿಲಶಾದಬಿಗೆ ಬಾಯಿ ಬರಲಿಲ್ಲ.