ಬಾಗಿಲು ಬಡಿದರೆ

ಸಂಘಮಿತ್ರಾ ಟೀಚರ್ ಶಾಲೆಯಿಂದ ಬಂದು, ಸ್ಕೂಟಿ ನಿಲ್ಲಿಸಿ ಬಾಗಿಲು ಬಡಿದಳು. ತಾಯಿ ಶೆಟ್ಟೆವ್ವ ಬಾಗಿಲು ತೆಗೆದು, "ಸೌಂದರ್ಯಾ ಈಗರ ಇಲ್ಲೇ ಉಣ್ಣಾಕತ್ತಿದ್ಲಲ್ಲ" ಎಂದು ಹಿಂದಕ್ಕೆ ನೋಡಿದಳು. ತಾಟಿನಲ್ಲಿ ಅರ್ಧ ರೊಟ್ಟಿ ಇತ್ತು, ಮೊಮ್ಮಗಳು ಇರಲಿಲ್ಲ.

ಇಂಡಿ ಊರಿನ ಆ ಪುಟ್ಟ ಮನೆಯಲ್ಲಿ ಹುಡುಕುವುದಕ್ಕಾದರೂ ಎಷ್ಟು ಜಾಗವಿತ್ತು? ಬಚ್ಚಲು, ಹಿತ್ತಲು ನೋಡಿದ್ದಾಯಿತು. ಗಂಡ ಮತ್ತೆ ಒಯ್ದುಬಿಟ್ಟನೇ ಎಂದು ಸಂಘಮಿತ್ರಾ ಬಸ್ ಸ್ಟ್ಯಾಂಡಿನವರೆಗೂ ಓಡಿ ಹೋಗಿ ಬಂದಳು. ಕೊನೆಗೆ ನೋಡಿದರೆ ಒಳಕೋಣೆಯಲ್ಲಿ, ಜೋಳದ ಚೀಲಗಳಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಮಗಳು ಕೌದಿ ಹೊದ್ದು ಕುಳಿತಿದ್ದಳು. ತನ್ನ ಬಾಯನ್ನು ತಾನೇ ಅಂಗೈಯಿಂದ ಮುಚ್ಚಿಕೊಂಡಿದ್ದಳು.

ಗಂಡ ಧರ್ಮರಾಜ ಜಗಳವಾಡಿ ಎತ್ತಿಕೊಂಡು ಹೋದಾಗ ಸೌಂದರ್ಯಾ ಇನ್ನೂ ತೊದಲುತ್ತಿದ್ದಳು. ತಾಳಿಕೋಟೆಯ ಅವನ ಮನೆಗೆ ಹೋದರೆ ಮಗು ಮುದ್ದೇಬಿಹಾಳದಲ್ಲಿದೆ ಎನ್ನುವುದು, ಅಲ್ಲಿಗೆ ಹೋದರೆ ಇಂಗಳೇಶ್ವರದ ಕಡೆ ಕೈ ತೋರಿಸುವುದು. ತಾಯಿಗೆ ಒಪ್ಪಿಸಬೇಕೆಂದು ಕೋರ್ಟು ಆದೇಶ ಕೊಟ್ಟ ಮೇಲೂ ಅದೇ ಆಟ. ಹೋದ ವಾರವಷ್ಟೇ ಪೊಲೀಸರು ಮಗುವನ್ನು ಕರೆತಂದಿದ್ದರು. ಓಣಿಯವರೆಲ್ಲ ಬಂದು ಪೇಡೆ ತಿಂದು ಹೋಗಿದ್ದರು. ಗೆದ್ದೆ ಅಂದುಕೊಂಡಿದ್ದಳು ಪಾಪ.

"ಇಲ್ಲ್ಯಾಕ ಕುಂತೀ ನನ್ನವ್ವಾ?"

"ಗಾಡಿ ನಿಂತು ಬಾಗಲಾ ಬಡದ್ರ ಹಿಂಗ ಕುಂಡರಬೇಕಂತ ಅಪ್ಪ ಹೇಳ್ಯಾನ. ಉಸರ ಬಿಡಬಾರ್ದು. ಯಾರ ಕರದ್ರೂ ಬರಬಾರ್ದು. ಅಪ್ಪ ಕರದ್ರೂ."

"ಯಾರು ಬಂದ್ರ ಹಂಗ ಕುಂಡರಬೇಕು?"

ಮಗು ಅವಳ ಮುಖವನ್ನೇ ನೋಡಿತು. "ಅವ್ವ ಬಂದ್ರ."

ತಾಳಿಕೋಟೆಯ ಆ ಬಾಗಿಲನ್ನು ಅದೆಷ್ಟು ಸಲ ಬಡಿದಿದ್ದಳು! ಹೆಸರು ಕೂಗಿ ಕೂಗಿ, ಕಟ್ಟೆಯ ಮೇಲೆ ಕುಳಿತು, ಒಳಗೆ ಯಾರೂ ಇಲ್ಲವೆಂದು ನಂಬಿ ಬಸ್ಸು ಹತ್ತಿದ್ದಳು. ಮಗು ಒಳಗೇ ಇತ್ತು. ಅವಳ ದನಿ ಕೇಳುತ್ತ, ಉಸಿರು ಹಿಡಿದು ಕುಳಿತಿತ್ತು. ಅಂದಿನಿಂದ ಸಂಘಮಿತ್ರಾಳ ಪಾಲಿಗೆ ಖಾಲಿ ಮನೆ ಎಂಬುದೇ ಇಲ್ಲವಾಯಿತು. ಬೀಗ ಹಾಕಿದ ಯಾವ ಮನೆಯ ಮುಂದೆ ಹಾದರೂ ಒಳಗೆ ಯಾರೋ ಬಾಯಿ ಮುಚ್ಚಿಕೊಂಡು ಕುಳಿತಂತೆ ಅನ್ನಿಸುತ್ತಿತ್ತು.

ಆದೇಶದಲ್ಲಿ ಇನ್ನೊಂದು ಮಾತೂ ಇತ್ತು. ಪ್ರತಿ ಭಾನುವಾರ ತಂದೆ ಬಂದು ಮಗುವನ್ನು ಸಂಜೆಯವರೆಗೆ ಕರೆದುಕೊಂಡು ಹೋಗಬಹುದು. "ಕಳಸಾಕ ಬೇಕ್ರಿ ಟೀಚರ್. ಕೋರ್ಟಿನ ಮಾತು ನೀವ ಮುರದ್ರ ಸಿಕ್ಕ ಮಗೂನೂ ಕೈ ಬಿಡ್ತೈತಿ" ಎಂದು ವಕೀಲರು ಫೋನಿನಲ್ಲಿ ಎಚ್ಚರಿಸಿದ್ದರು. ಆ ಭಾನುವಾರ ಅವಳೂ ಮನಸ್ಸು ಗಟ್ಟಿ ಮಾಡಿಕೊಂಡು ಮಗಳಿಗೆ ಹೊಸ ಫ್ರಾಕು ತೊಡಿಸಿ, ಜಡೆ ಹಾಕುತ್ತ ಕುಳಿತಿದ್ದಳು.

ಹೊರಗೆ ಬೈಕು ನಿಂತಿತು. ಸೌಂದರ್ಯಾ ದಡಕ್ಕನೆ ಎದ್ದಳು. ಜಡೆ ಇನ್ನೂ ತಾಯಿಯ ಕೈಯಲ್ಲೇ ಇತ್ತು. ಮಗು ತಿರುಗಿ ನೋಡಿತು.

ಸಂಘಮಿತ್ರಾ ಜಡೆ ಬಿಟ್ಟಳು. "ಹೋಗು, ಕುಂಡರು. ಯಾರ ಕರದ್ರೂ ಬರಬ್ಯಾಡ."

ಧರ್ಮರಾಜ ಬಿಸ್ಕೀಟಿನ ಪುಡಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಸೌಂದರ್ಯಾ ಎಲ್ಲಿ?"

"ಇಲ್ಲ. ಸಿಂದಗಿಗೆ ಹೋಗ್ಯಾಳ, ಚಿಗವ್ವನ ಮನಿಗೆ." ಎಷ್ಟೋ ಊರುಗಳಲ್ಲಿ ಕೇಳಿಸಿಕೊಂಡಿದ್ದ ಸುಳ್ಳು ಸಲೀಸಾಗಿ ಬಾಯಿಗೆ ಬಂತು. ಶೆಟ್ಟೆವ್ವ ಮಗಳನ್ನು ನೋಡಿ ತಲೆ ತಗ್ಗಿಸಿದಳು.

"ಸೌಂದರ್ಯಾ, ನಾನವಾ, ಅಪ್ಪ ಬಂದೀನಿ" ಎಂದು ಅವನು ಒಳಗೆ ಕೂಗಿದ. ಮತ್ತೆ ಕೂಗಿದ. ಅವನ ಕಣ್ಣು ಮಣೆಯ ಹತ್ತಿರ ಬಿದ್ದಿದ್ದ ಬಾಚಣಿಗೆ, ರಿಬ್ಬನ್ನಿನ ಮೇಲೆ ನಿಂತಿತು.

"ಬರಾಂಗಿಲ್ಲ ಬಿಡು" ಎಂದ, ತನಗೆ ತಾನೇ ಹೇಳಿಕೊಂಡಂತೆ. ತುಸು ಹೊತ್ತು ಕಟ್ಟೆಯ ಮೇಲೆ ಕುಳಿತು, ಪುಡಿಕೆಯನ್ನು ಅಲ್ಲೇ ಇಟ್ಟು ಹೋದ.

ಬೈಕಿನ ಸದ್ದು ದೂರವಾದ ಮೇಲೆ ಸಂಘಮಿತ್ರಾ ಒಳಕೋಣೆಗೆ ಬಂದು ಚೀಲಗಳ ಮುಂದೆ ಮಂಡಿಯೂರಿದಳು.

"ಹ್ವಾದ ಅಂವ. ಬಾರವಾ ಹೊರಗ. ನಾ ಅದೀನಿ, ಅವ್ವ."

ಮೆಲ್ಲಗೆ ಕರೆದಳು, ಜೋರಾಗಿ ಕರೆದಳು, ಅಳುತ್ತ ಕರೆದಳು. ಕೌದಿಯ ಅಂಚಿನಿಂದ ಪುಟ್ಟ ಕಾಲ್ಬೆರಳುಗಳು ಕಾಣುತ್ತಿದ್ದವು. ಅವು ಮೆಲ್ಲಗೆ ಒಳಗೆ ಸರಿದವು.