ಬೆರಳಿಗೆ ಸಿಗದ ಹೆಸರು

ಸೋಬೇ ನಮ್ಮ ತಾತನ ಗೋರಿಕಲ್ಲಿನೊಳಗೆ ಬೆರಳು ಹಾಕಿ ನೋಡಿದ್ದನ್ನು ನಾನು ಮರೆತಿಲ್ಲ. ಮೂವತ್ತಮೂರು ವರ್ಷವಾಯಿತು. ಮರೆಯುವ ಉದ್ದೇಶವೂ ನನಗಿಲ್ಲ.

ಆಗ ನನಗೆ ಹನ್ನೊಂದು ವರ್ಷ. ನನ್ನ ಅಪ್ಪ ಇಸಾಕು ಕಲ್ಲುಕುಟಿಗ. ನಮ್ಮ ಶಿನಾನೋ ಸೀಮೆಯಲ್ಲಿ ಅವನ ಕೈಯ ಕೆತ್ತನೆ ಎಂದರೆ ದೂರದ ಗುಡಿಗಳವರೂ ಬಂದು ಕಾಯುತ್ತಿದ್ದರು. ತಾತ ಮೊಹೇ ತೀರಿಕೊಂಡಾಗ ಅಪ್ಪ ತಾನೇ ಹಳ್ಳಕ್ಕಿಳಿದು ಕಲ್ಲು ಆರಿಸಿ ತಂದು, ಒಂದು ಚಳಿಗಾಲವಿಡೀ ಉಜ್ಜಿ ನಯ ಮಾಡಿ, 'ಕರಸವಾ ಮೊಹೇ' ಎಂದು ಅದರ ಮೇಲೆ ಕೆತ್ತಿದ. ಬರೀ ಮೊಹೇ ಎಂದು ಕೆತ್ತಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಕರಸವಾ ನಮ್ಮ ಮನೆತನದ ಹೆಸರು. ಒಣಹಳ್ಳ ಅಂತ ಅದರ ಅರ್ಥ. ಇಲ್ಲಿ ಊರೇ ಇಲ್ಲದಿದ್ದ ಕಾಲದಲ್ಲಿ ಆ ಹಳ್ಳದ ಬಂಡೆ ಒಡೆದು, ಅದರ ದಡದಲ್ಲಿ ಮೊದಲ ಮನೆ ಕಟ್ಟಿದವರು ನಮ್ಮವರು. ಹೆಸರು ನಮಗಿತ್ತು, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ ಅಷ್ಟೇ. ಮನೆತನದ ಹೆಸರು ಹೇಳಿಕೊಳ್ಳುವುದು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಳ್ಳುವುದು, ಎರಡೂ ಸಮುರಾಯಿಗಳ ಹಕ್ಕು. ನಮ್ಮಂಥವರು ಹಿರಿಯರ ತಿಥಿಯ ದಿನ ಬಾಗಿಲು ಹಾಕಿಕೊಂಡು, ಮಕ್ಕಳ ಕಿವಿಯಲ್ಲಿ ಅದನ್ನು ಹೇಳಿ ಸುಮ್ಮನಾಗುತ್ತಿದ್ದೆವು.

ಅಪ್ಪನಿಗೆ ಸುಮ್ಮನಾಗುವುದು ಆಗಲಿಲ್ಲ. "ಸತ್ತಮೇಲಾದ್ರೂ ಮನುಷ್ಯನಿಗೆ ಪೂರ್ತಿ ಹೆಸರು ಬೇಡ್ವಾ" ಅಂದ. ಅದೂ ಅವನು ಸುಮ್ಮನೆ ಮೇಲೆ ಮೇಲೆ ಕೆತ್ತುವ ಆಳಲ್ಲ. ನಾನು ಉಗುರು ಇಟ್ಟು ನೋಡಿದ್ದೇನೆ, ಅಕ್ಷರಗಳು ಉಗುರು ಮುಳುಗುವಷ್ಟು ಆಳ ಇದ್ದವು.

ಆಗಿನ ಊರ ಯಜಮಾನ ಕಾನೆಮೊನ್, ಈ ಸೋಬೇಯ ಅಪ್ಪ. ತನಗೂ ಒಂದು ಮನೆತನದ ಹೆಸರು ಇಟ್ಟುಕೊಳ್ಳಲು ಅಪ್ಪಣೆ ಕೊಡಿ ಎಂದು ಮೂರು ಸಲ ದೊರೆಯ ಕೋಟೆಗೆ ಹೋಗಿ ಹಣೆ ನೆಲಕ್ಕೆ ಹಚ್ಚಿ ಬಂದಿದ್ದ. ಸಿಕ್ಕಿರಲಿಲ್ಲ. ತನಗಿಲ್ಲದ್ದು ಕಲ್ಲುಕುಟಿಗನ ಗೋರಿಯ ಮೇಲೆ ಕಂಡರೆ ಅವನ ಹೊಟ್ಟೆ ತಣ್ಣಗಿರುತ್ತದೆಯೇ. ನಾಲ್ಕನೇ ಸಲ ಕೋಟೆಗೆ ಹೋದ, ಈ ಸಲ ಚಾಡಿ ಹೇಳಲು.

ಅಧಿಕಾರಿ ಬಂದ. ಮನೆತನದ ಹೆಸರನ್ನು ಕೆತ್ತಿದವನೇ ಕೆತ್ತಿ ತೆಗೆಯಬೇಕು, ಊರೆಲ್ಲ ನಿಂತು ನೋಡಬೇಕು, ಬೆರಳಾಡಿಸಿದರೆ ಒಂದು ಗೀರೂ ಕೈಗೆ ಸಿಗಬಾರದು ಎಂದು ಹೇಳಿ, ಕೊಡೆಯ ನೆರಳಿನಲ್ಲಿ ಕೂತ. ಅಪ್ಪ ಉಳಿ ಹಿಡಿದ. ನಾನು ನೀರು ಹಾಕುತ್ತಿದ್ದೆ. ಅಷ್ಟು ಆಳ ಕೆತ್ತಿದ್ದರಿಂದ ಅದಕ್ಕಿಂತ ಆಳ ಹೋಗಬೇಕಾಯಿತು. ಸಂಜೆಯ ಹೊತ್ತಿಗೆ ತಾತನ ಹೆಸರಿನ ಮೇಲುಗಡೆ ಒಂದು ಕುಳಿ ಉಳಿಯಿತು, ಅಂಗೈ ಹಿಡಿಸುವಷ್ಟು. ಆಮೇಲೆ ಇಪ್ಪತ್ತು ವರ್ಷದ ಸೋಬೇ ಬಂದು, ಅದರೊಳಗೆ ಬೆರಳು ಹಾಕಿ, ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಆಡಿಸಿದ. "ಇಲ್ಲೊಂಚೂರು ಸಿಗ್ತಿದೆ" ಅಂದ. ಅಪ್ಪ ಅಲ್ಲೂ ಕೆತ್ತಿದ. ಆಮೇಲೆ ಅವನ ಎರಡೂ ಕೈಗೆ ಮೂವತ್ತು ದಿನ ಬೇಡಿ ಹಾಕಿ ಮನೆಯಲ್ಲಿ ಕೂರಿಸಿದರು. ಆ ಕೈಗೆ ಬೇಡಿ. ಮೂವತ್ತು ದಿನ ನಾನೇ ಅವನಿಗೆ ನವಣೆ ಗಂಜಿ ತಿನ್ನಿಸಿದೆ, ಮೂಗು ಒರೆಸಿದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ.

ಈಗ ಕೋಟೆಯಲ್ಲಿ ದೊರೆಯಿಲ್ಲ. ಟೋಕಿಯೋದಲ್ಲಿ ಹೊಸ ಸರ್ಕಾರ ಕೂತಿದೆ, ಅದಕ್ಕೆ ಸೈನ್ಯಕ್ಕೆ ಆಳು ಬೇಕು, ಆಳಿನ ಲೆಕ್ಕಕ್ಕೆ ಹೆಸರು ಬೇಕು. ಕಳೆದ ತಿಂಗಳು ಸೋಬೇ ಊರಲ್ಲಿ ಸಾರಿಸಿದ: ಪ್ರತಿ ಮನೆಯವರೂ ಮನೆತನದ ಹೆಸರು ಬರೆಸಲೇಬೇಕು, ಯಾವ ಹೆಸರಾದರೂ ಸರಿ, ಬರೆಸದಿದ್ದರೆ ತಪ್ಪು. ಅವನ ಅಪ್ಪ ಯಜಮಾನನಾಗಿ ಚಾಡಿ ಹೇಳಿದ, ಮಗ ಯಜಮಾನನಾಗಿ ಸಾರಿದ. ಇಟ್ಟುಕೊಂಡರೆ ಬೇಡಿ, ಇಟ್ಟುಕೊಳ್ಳದಿದ್ದರೂ ತಪ್ಪು. ನನಗೆ ಮೈ ಉರಿಯಿತು. ನನ್ನ ಅಪ್ಪ ಮಾತ್ರ ಸಂತೋಷಕ್ಕೆ ಅತ್ತ.

ಅಪ್ಪನಿಗೆ ಈಗ ಎಪ್ಪತ್ತೆರಡು. ಕಲ್ಲಿನ ಚಕ್ಕೆ ಸಿಡಿದು ಒಂದು ಕಣ್ಣು ಎಂದೋ ಹೋಯಿತು, ಇನ್ನೊಂದು ತಾನಾಗಿ ಮಂಜಾಯಿತು. ಎದೆ ತುಂಬ ಕಲ್ಲಿನ ಧೂಳು. ನನ್ನ ಗಂಡನೂ ಬಂಡೆಯ ಕೆಳಗೇ ಸಿಕ್ಕಿ ಹೋದ, ಮಕ್ಕಳಾಗಲಿಲ್ಲ. ಅಂದಿನಿಂದ ಉಳಿ ನನ್ನ ಕೈಯಲ್ಲಿದೆ. ಹೆಂಗಸಿನ ಕೆತ್ತನೆ ಎಂದು ಆಡಿಕೊಂಡವರೇ ಆಮೇಲೆ ನನ್ನ ಹತ್ತಿರ ಕಲ್ಲು ಮಾಡಿಸಿಕೊಂಡಿದ್ದಾರೆ.

ಹೆಸರು ಬರೆಸುವ ದಿನ ಬೆಳಿಗ್ಗೆ ಅಪ್ಪ ಮೈ ತೊಳೆದುಕೊಂಡು, ಮಡಿಸಿಟ್ಟ ಒಳ್ಳೆಯ ಅಂಗಿ ತೆಗೆಸಿ ಹಾಕಿಕೊಂಡು, ಒಲೆಯ ಪಕ್ಕ ನೆಟ್ಟಗೆ ಕೂತ.

"ಸರಿಯಾಗಿ ಹೇಳು" ಅಂದ. "ತಡವರಿಸ್ಬೇಡ. ಕರಸವಾ ಅಂತ."

"ಗೊತ್ತಪ್ಪ."

"ಬರೆದಾದ್ಮೇಲೆ ತಾತನ ಕಲ್ಲಲ್ಲಿ ಅದೇ ಕುಳಿಯೊಳಗೆ ಮತ್ತೆ ಕೆತ್ತು. ನಾನಿರೋವಾಗ್ಲೇ."

ಗುಡಿಯ ಪಡಸಾಲೆಯಲ್ಲಿ ಊರೇ ನೆರೆದಿತ್ತು. ಗುರುಗಳು ಕುಂಚ ಹಿಡಿದು ಪುಸ್ತಕದ ಮುಂದೆ ಕೂತಿದ್ದರು. ಪಕ್ಕದಲ್ಲಿ ಸೋಬೇ, ಈಗ ತಲೆ ನೆರೆತಿದೆ, ಹೊಟ್ಟೆ ಬಂದಿದೆ. ಎಲ್ಲರೂ ಚಹಾ ಕುಡಿಯುತ್ತ, ಉಪ್ಪು ಹಾಕಿದ ಸೊಪ್ಪು ಕಡಿಯುತ್ತ ನಗಾಡುತ್ತಿದ್ದರು. ನಮ್ಮ ಕೆಳಮನೆಯ ಕುಮಾಜೊ, ಹೊಲದಲ್ಲಿ ಬರೀ ಮೂಲಂಗಿ ಬೆಳೆಯುವವನು, ನನ್ನನ್ನು ನೋಡಿ ಜಾಗ ಬಿಟ್ಟ.

"ಬಾ ಶಿನೊ. ನಿಂದೂ ಆಗೋಯ್ತು" ಅಂದ ಸೋಬೇ.

"ಏನಾಯ್ತು ಯಜಮಾನ್ರೇ? ನಾನಿನ್ನೂ ಹೇಳೇ ಇಲ್ವಲ್ಲ."

"ಹೇಳೋದೇನಿದೆ. ಕರಸವಾ. ನಿಮ್ಮಪ್ಪನ ಆಸೆ ನನಗೆ ಗೊತ್ತಿಲ್ವಾ?"

ನಿಜ ಹೇಳುತ್ತೇನೆ, ಆ ಒಂದು ಗಳಿಗೆ ನನ್ನ ಕಣ್ಣು ತುಂಬಿತು. ಇವನಿಗೂ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತೇನೋ, ತಪ್ಪು ತಿದ್ದಿಕೊಂಡ ಅಂದುಕೊಂಡೆ. ಬಗ್ಗಿ ನಮಸ್ಕಾರವನ್ನೂ ಮಾಡಿಬಿಟ್ಟೆ. ಆ ನಮಸ್ಕಾರ ನೆನೆದರೆ ಈಗಲೂ ನನ್ನ ಬೆನ್ನು ನನಗೇ ಹೇಸಿಗೆ.

"ನಂದೂ ಅದೇ ಕಣೇ ಶಿನೊ" ಅಂದ ಕುಮಾಜೊ. "ಇವತ್ತಿಂದ ನಾವು ದಾಯಾದಿಗಳು. ನಾನು ಮೂಲಂಗಿ ಅಂತ ಬರೀರಿ ಅಂದೆ, ಯಜಮಾನ್ರು ಬಿಡ್ಲಿಲ್ಲ."

ಎಲ್ಲರೂ ನಕ್ಕರು. ತಮಾಷೆ ಅಂದುಕೊಂಡು ನಾನೂ ನಗಲು ಹೋದೆ. ಗುರುಗಳು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಕಲ್ಲಿಗೆ ಬೇಕಾದಷ್ಟು ಅಕ್ಷರ ನನಗೆ ಓದಲು ಬರುತ್ತದೆ. ಊರಿನ ಇಪ್ಪತ್ತಮೂರು ಮನೆಗೂ ಒಂದೇ ಹೆಸರು. ಕರಸವಾ, ಕರಸವಾ, ಕರಸವಾ, ಪುಟದ ಕೊನೆಯವರೆಗೆ. ಮೊದಲ ಸಾಲಿನಲ್ಲಿ ಕರಸವಾ ಸೋಬೇ.

"ಇದೇನಿದು?" ಅಂದೆ.

"ಮೂರು ದಿನದಿಂದ ಇವರದ್ದು ಜಗಳ" ಅಂದ ಸೋಬೇ. "ಒಬ್ಬನಿಗೆ ಬೆಟ್ಟದ ಹೆಸರು ಬೇಕು, ಇಬ್ಬರಿಗೆ ಒಂದೇ ಬಾವಿ ಹೆಸರು ಬೇಕು. ಹಳ್ಳ ಊರಿಗೆಲ್ಲ ಸೇರಿದ್ದು, ಎಲ್ರಿಗೂ ಅದೇ ಇರ್ಲಿ ಅಂದೆ. ಎಲ್ರೂ ಒಪ್ಪಿದ್ರು. ಬರೆಯೋರಿಗೂ ಸುಲಭ."

"ಅದು ನಮ್ಮ ಮನೆ ಹೆಸರು."

"ನಿಂಗೂ ಕೊಟ್ಟಿದೀನಲ್ಲಮ್ಮ. ಕಿತ್ಕೊಂಡಿಲ್ವಲ್ಲ."

"ಕೊಟ್ಟಿದೀನಿ ಅಂದ್ರಾ? ನೀವು ಯಾರು ಕೊಡೋಕೆ?"

ನಗು ನಿಂತಿತು. ಸೋಬೇ ಚಹಾದ ಬಟ್ಟಲು ಕೆಳಗಿಟ್ಟ.

"ನೋಡು ಶಿನೊ. ಹಳೇದೆಲ್ಲ ಯಾಕೆ ಈಗ? ಆಗಿನ ಕಾನೂನು ಹಾಗಿತ್ತು, ಈಗಿಂದು ಹೀಗಿದೆ. ಅದಿರ್ಲಿ, ನಿನ್ನ ಹಿಂದೆ ಯಾರಿದಾರೆ? ಮಗುವಾ ಮರಿಯಾ? ನಿಮ್ಮಪ್ಪ ಹೋದ, ನೀನು ಹೋದೆ, ಮುಗೀತು. ಆ ಹೆಸರು ಯಾರಿಗೋಸ್ಕರ ಅಂತ ಜಗಳ ಆಡ್ತಿದೀಯ?"

"ಸತ್ತೋರಿಗೋಸ್ಕರ" ಅಂದೆ. "ನಿಮ್ಮಪ್ಪ ಸತ್ತವನ ಹೆಸರನ್ನೂ ಬಿಡ್ಲಿಲ್ಲವಲ್ಲ, ಅದಕ್ಕೆ."

ಯಾರೂ ತಲೆ ಎತ್ತಲಿಲ್ಲ. ಅಲ್ಲಿದ್ದ ಮುದುಕರಲ್ಲಿ ಅರ್ಧ ಜನ ಅಂದು ಗೋರಿಯ ಸುತ್ತ ನಿಂತು ನೋಡಿದವರೇ. ಅಂದೂ ಹೀಗೇ ನೆಲ ನೋಡುತ್ತಿದ್ದರು. ನೆಲ ನೋಡುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರಿಲ್ಲ. ನನಗೆ ಸೋಬೇಗಿಂತ ಇವರ ಮೇಲೆ ಹೆಚ್ಚು ಸಿಟ್ಟು ಬಂತು. ಅಪ್ಪನ ಬೇಡಿಯಲ್ಲಿ ಒಬ್ಬರೂ ಪಾಲು ಕೇಳಿರಲಿಲ್ಲ. ಹೆಸರಲ್ಲಿ ಮಾತ್ರ ಊರಿಗೆಲ್ಲ ಪಾಲು.

"ನಮ್ಮದನ್ನ ಹೊಡೆದು ಹಾಕಿ ಗುರುಗಳೇ" ಅಂದೆ. "ನಮಗೆ ಕರಸವಾ ಬೇಡ. ಅದನ್ನ ಇವರೇ ಇಟ್ಕೊಳ್ಳಲಿ."

"ಹಾಗೆಲ್ಲ ಬದಲಾಯಿಸಕ್ಕಾಗಲ್ಲ" ಅಂದ ಸೋಬೇ.

"ಯಾವ ಹೆಸರಾದ್ರೂ ಸರಿ ಅಂತ ಸಾರಿಸಿದ್ದು ನೀವೇ ತಾನೆ? ಕುಬೊ ಅಂತ ಬರೀರಿ."

ಕುಬೊ ಅಂದರೆ ಕುಳಿ. ಅಂಥ ಹೆಸರು ಬೇರೆ ಊರುಗಳಲ್ಲಿಯೂ ಇದೆ, ತಗ್ಗಿನ ಹೊಲದವರು ಇಟ್ಟುಕೊಳ್ಳುತ್ತಾರೆ. ಸೋಬೇ ಹುಬ್ಬು ಗಂಟಿಕ್ಕಿದ.

"ನಿಮ್ಮ ಮನೆ ಇರೋದು ದಿಬ್ಬದ ಮೇಲೆ. ಅಲ್ಲೆಲ್ಲಿದೆ ಕುಳಿ?"

"ಮರೆತ್ರಾ ಯಜಮಾನ್ರೇ? ನಮ್ಮ ತಾತನ ಕಲ್ಲಲ್ಲಿ. ನೀವೇ ಬೆರಳು ಹಾಕಿ ನೋಡಿದ್ರಲ್ಲ. ಇಲ್ಲೊಂಚೂರು ಸಿಗ್ತಿದೆ ಅಂದ್ರಲ್ಲ. ಅದೇ ಕುಳಿ. ಅದರಲ್ಲಿ ಯಾರಿಗೂ ಪಾಲಿಲ್ಲ, ನೀವೂ ಕೇಳಲ್ಲ. ಇನ್ಮೇಲೆ ಈ ಪುಸ್ತಕ ಯಾರು ತೆಗೆದ್ರೂ, ಇಡೀ ಊರು ಕರಸವಾ ಆಗಿ ಒಂದೇ ಒಂದು ಮನೆ ಯಾಕೆ ಕುಬೊ ಅಂತ ಕೇಳ್ತಾರೆ. ಕೇಳಲಿ."

ಗುರುಗಳು ಸೋಬೇಯ ಮುಖ ನೋಡಲಿಲ್ಲ. ಕುಂಚ ಅದ್ದಿ, ನಮ್ಮ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬರೆದರು. ಮಸಿ ಆರುವವರೆಗೂ ನಾನು ಅಲ್ಲೇ ನಿಂತಿದ್ದೆ.

ಸಿಟ್ಟಿನಲ್ಲಿ ನಡೆದು ಬಂದವಳು ಮನೆಯ ಬಾಗಿಲಲ್ಲಿ ನಿಂತುಬಿಟ್ಟೆ. ಅಪ್ಪ ಅದೇ ಅಂಗಿಯಲ್ಲಿ, ಅದೇ ಜಾಗದಲ್ಲಿ ಕೂತಿದ್ದ.

"ಬರೆದ್ರಾ?"

ಎಲ್ಲ ಹೇಳಿದೆ. ಅವನು ಕೊನೆಯವರೆಗೂ ಕೇಳಿ, ಕೈಗೆ ಸಿಕ್ಕ ಬಟ್ಟಲನ್ನು ನನ್ನ ದನಿ ಬಂದ ಕಡೆಗೆ ಎಸೆದ. ಅದು ಗೋಡೆಗೆ ಬಡಿದು ಚೂರಾಯಿತು.

"ಮೂವತ್ತಮೂರು ವರ್ಷ ಕಾದೆ ನಾನು. ನೀನು ಒಂದು ಬೆಳಿಗ್ಗೆಗೆ ಕಳೆದು ಬಂದೆ. ನಿನ್ನ ಸಿಟ್ಟು ದೊಡ್ಡದಾಯ್ತು, ನನ್ನ ಹೆಸರು ಸಣ್ಣದಾಯ್ತು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೂರು ದಿನ ಅವನು ನಾನು ಮುಂದಿಟ್ಟ ಗಂಜಿಯನ್ನು ಮುಟ್ಟಲಿಲ್ಲ. ಬೇಡಿ ಹಾಕಿದ್ದಾಗಲೂ ನನ್ನ ಕೈಯಿಂದ ತಿಂದವನು.

ನಾಲ್ಕನೇ ದಿನ ಬೆಳಿಗ್ಗೆ ಎದ್ದು, "ಗೋರಿ ಹತ್ರ ಕರ್ಕೊಂಡ್ ಹೋಗು" ಅಂದ. ಕೈ ಹಿಡಿದು, ದಾರಿಯಲ್ಲಿ ಎರಡು ಕಡೆ ಕೂರಿಸಿ ಕೆಮ್ಮು ಇಳಿಸಿ, ಕರೆದೊಯ್ದೆ. ತಾತನ ಕಲ್ಲಿನ ಮುಂದೆ ಕೂತು ಕುಳಿಯನ್ನು ಹುಡುಕಿದ. ಅಂಗೈ ಅದರೊಳಗೆ ಸರಿಯಾಗಿ ಕೂತಿತು. ಬಹಳ ಹೊತ್ತು ತೆಗೆಯಲಿಲ್ಲ.

"ನಾನು ಇಷ್ಟು ನಯ ಮಾಡಿದ್ನಾ ಇದನ್ನ" ಅಂದ. ಆಮೇಲೆ ಕೇಳಿದ, "ಸೋಬೇಗೆ ಎದುರಿಗೇ ಹೇಳಿದ್ಯಾ, ಬೆರಳಿನ ವಿಷ್ಯ?"

"ಹೇಳ್ದೆ. ಊರೆಲ್ಲ ಕೇಳೋ ಹಾಗೆ."

"ಏನಂದ?"

"ಏನೂ ಅನ್ಲಿಲ್ಲ. ಕೈಯನ್ನ ಅಂಗಿ ತೋಳೊಳಗೆ ಎಳ್ಕೊಂಡ."

ಅಪ್ಪ ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. ಎರಡೂ ಇರಬೇಕು. "ಇದರಲ್ಲಿ ಏನೂ ಕೆತ್ತಬೇಡ, ಹೀಗೇ ಇರ್ಲಿ" ಅಂದ. "ನನ್ನ ಕಲ್ಲು ಶುರು ಮಾಡು."

ಬದುಕಿರುವಾಗಲೇ ಗೋರಿಕಲ್ಲು ಮಾಡಿಸಿಟ್ಟುಕೊಳ್ಳುವುದು ನಮ್ಮಲ್ಲಿ ಇದೆ. ಹೆಸರಿಗೆ ಕೆಂಪು ಬಣ್ಣ ತುಂಬುತ್ತೇವೆ, ಆಳು ಹೋದ ಮೇಲೆ ಆ ಬಣ್ಣ ಅಳಿಸುತ್ತೇವೆ. ಹಳ್ಳದಿಂದ ಕಲ್ಲು ತರಿಸಿದೆ. ಕುಬೊ ಇಸಾಕು ಎಂದು ಬರೆದು, ಕುಬೊ ಎಂಬುದನ್ನು ಮೊದಲು ಕೆತ್ತಿ, ಉಗುರು ಮುಳುಗುವಷ್ಟು ಆಳ ಮಾಡಿ, ಅಪ್ಪನ ಕೈಯನ್ನು ಅದರ ಮೇಲಿಟ್ಟೆ. ಅವನು ಒಂದೊಂದೇ ಗೆರೆಯ ಉದ್ದಕ್ಕೂ ಬೆರಳು ಎಳೆದ.

"ಇಷ್ಟೇನಾ? ಇದನ್ನ ಯಾವನಾದ್ರೂ ಒಂದು ದಿನದಲ್ಲಿ ತೆಗೆದುಹಾಕ್ತಾನೆ."

ಮತ್ತೆ ಎರಡು ದಿನ ಕೆತ್ತಿದೆ. ಈಗ ಬೆರಳಿನ ಮೊದಲ ಗೆಣ್ಣು ಒಳಗಿಳಿಯುತ್ತಿತ್ತು. ಇನ್ನು ಒಳಗೆ ಹೋದರೆ ಅಕ್ಷರದಿಂದ ಅಕ್ಷರಕ್ಕೆ ಕಲ್ಲು ಸೀಳಬಹುದು ಅಂದೆ.

"ಅದೇ ಬೇಕಾಗಿರೋದು" ಅಂದ ಅಪ್ಪ. "ತೆಗೀಬೇಕು ಅಂದ್ರೆ ಕಲ್ಲನ್ನೇ ಒಡೀಬೇಕು ಅವರು. ಇನ್ನೂ ಆಳ ಹೋಗು."

ಉಳಿಯನ್ನು ನೀರಿಗೆ ಅದ್ದಿ ಮತ್ತೆ ಕೂತೆ. ಅವನು ಬೆರಳನ್ನು ಅಕ್ಷರದೊಳಗಿಂದ ತೆಗೆಯುವವರೆಗೆ ಕಾಯಬೇಕಾಯಿತು.