ವಾಪಸು ಬಾರದ ಕಾರಣ

ಕಂಪ್ಯೂಟರಿನ ಪರದೆಯ ಮೇಲೆ ಬಂದ ಸಾವಿನ ದಾಖಲೆ ಉದ್ದಣ್ಣನದೇ ಎಂದು ಗೊತ್ತಾಗಲು ಕೋಡಕ್ಕನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಸರಿರಲಿಲ್ಲ, ಸತ್ತವರ ಹೆಸರು ಮುಚ್ಚಿಯೇ ಕಳಿಸುವುದು ಸಾವಿನ ಲೆಕ್ಕ ಇಡುವ ಆ ಸರ್ಕಾರಿ ಕಚೇರಿಯ ನಿಯಮ. ಆದರೆ ವಯಸ್ಸಿತ್ತು, ಬಡಾವಣೆಯಿತ್ತು, ಕಸುಬಿನ ಜಾಗದಲ್ಲಿ ‘ಕಲ್ಲುಪುಡಿ ಮಿಲ್ಲು’ ಎಂದಿತ್ತು. ಅದರ ಕೆಳಗೆ ಹೆಂಡತಿಯ ಮಾತು ಹೇಳಿದ ಹಾಗೇ ಇತ್ತು: ‘ಎರಡು ವರ್ಷದಿಂದ ಕೆಮ್ಮು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಕಿಟಕಿಯ ಸರಳು ಹಿಡಿದುಕೊಂಡು ನಿಂತೇ ನಿದ್ದೆ ಮಾಡುತ್ತಿದ್ದರು. ಕೊನೆಗೆ ಹೃದಯ ನಿಂತುಹೋಯಿತು.’ ಆ ಕಿಟಕಿಯನ್ನು ಕೋಡಕ್ಕ ಹೋದ ಭಾನುವಾರ ಉದ್ದಣ್ಣನ ಹೆಂಡತಿಯನ್ನು ಮಾತಾಡಿಸಲು ಹೋದಾಗ ನೋಡಿ ಬಂದಿದ್ದಳು. ಕೈ ಹಿಡಿದ ಕಡೆಯಲ್ಲೆಲ್ಲ ಸರಳಿನ ಬಣ್ಣ ಹೋಗಿತ್ತು.

ಕಾರಣದ ಜಾಗದಲ್ಲಿ ಅಳಿಯ ಆಗಲೇ ‘ಹೃದಯ’ ಎಂದು ತುಂಬಿಟ್ಟಿದ್ದ.

ಅಳಿಯ ಎಂದರೆ ದಾಖಲೆ ಓದಿ ಕಾರಣ ಹಾಕುವ ಯಂತ್ರ. ಅದಕ್ಕೊಂದು ತಣ್ಣಗಿನ ಕೋಣೆ ಮಾಡಿಕೊಟ್ಟು, ಬಾಗಿಲಿಗೆ ಗಾಜು ಹಾಕಿಸಿ ಕೂರಿಸಿದ ದಿನವೇ ವಿಭಾಗದ ಹೆಂಗಸರು ಆ ಹೆಸರಿಟ್ಟಿದ್ದರು. ಉಪಚಾರ ನೋಡಿದರೆ ಮನೆಯಳಿಯನೇ, ಎದುರು ಮಾತಾಡುವ ಹಾಗಿಲ್ಲ ಎಂದು ನಕ್ಕಿದ್ದರು. ಹಾಗೆ ನಕ್ಕವರಲ್ಲಿ ಈಗ ಉಳಿದವಳು ಇವಳೊಬ್ಬಳೇ. ಊರೂರುಗಳಿಂದ ಬರುವ ಸಾವುಗಳನ್ನು ಓದಿ, ಪ್ರತಿಯೊಂದಕ್ಕೂ ಕಾರಣದ ಕೋಡ್ ಹಾಕುವುದು ಆ ದೊಡ್ಡ ಕೋಣೆಯ ಕೆಲಸ. ಒಂದು ಕಾಲಕ್ಕೆ ಒಂದೊಂದು ಮೇಜಿಗೂ ಒಬ್ಬೊಬ್ಬರಿದ್ದರು. ಇವಳಿಗೆ ಕೋಡಕ್ಕ ಎನ್ನುವ ಹೆಸರು ಅಂಟಿದ್ದು ಆಗಲೇ. ಈಗ ಓದುವುದೂ ಬರೆಯುವುದೂ ಅಳಿಯನೇ. ಕೋಡಕ್ಕ ‘ಒಪ್ಪಿಗೆ’ ಒತ್ತಬೇಕು, ಅಷ್ಟೇ. ಅದೂ ಈ ತಿಂಗಳ ಕೊನೆಯವರೆಗೆ, ಆಮೇಲೆ ಆ ಕೋಣೆಯನ್ನೇ ಖಾಲಿ ಮಾಡುತ್ತಾರೆ.

ಅವಳು ‘ಹೃದಯ’ವನ್ನು ಅಳಿಸಿ ‘ಶ್ವಾಸಕೋಶ, ಕಲ್ಲಿನ ಧೂಳು’ ಎನ್ನುವ ಕೋಡ್ ಹಾಕಿದಳು. ಪರದೆ ತುಂಬ ವಿನಯದಿಂದ ಉತ್ತರ ಕೊಟ್ಟಿತು: ‘ಈ ತಿದ್ದುಪಡಿ ನಿಮ್ಮ ಹಿಂದಿನ ತೀರ್ಮಾನಗಳಿಗೆ ಹೊಂದುತ್ತಿಲ್ಲ. ಇಂಥ ದಾಖಲೆಗಳಿಗೆ ನೀವು ಹೃದಯವನ್ನೇ ಕಾರಣವೆಂದು ಬರೆದಿದ್ದೀರಿ. ಉದಾಹರಣೆಗಳನ್ನು ನೋಡುವಿರಾ?’

ನೋಡುತ್ತೇನೆ ಎಂದು ಒತ್ತಿದಳು. ಒತ್ತಬಾರದಿತ್ತು. ಮಿಲ್ಲು, ಕೆಮ್ಮು, ಹೃದಯ. ಮಿಲ್ಲು, ಉಬ್ಬಸ, ಹೃದಯ. ‘ಮಗುವನ್ನು ಎತ್ತಿಕೊಳ್ಳಲೂ ಆಗುತ್ತಿರಲಿಲ್ಲ.’ ಹೃದಯ. ಒಂದರ ಕೆಳಗೊಂದು ಬರುತ್ತಲೇ ಹೋದವು. ಎಲ್ಲದರ ಕೊನೆಗೂ ಅವಳದೇ ಗುರುತಿನ ಸಂಖ್ಯೆಯಿತ್ತು. ಕೆಲವು ಅವಳ ತಲೆಯಲ್ಲಿ ಒಂದು ಬಿಳಿ ಕೂದಲೂ ಇಲ್ಲದಿದ್ದ ಕಾಲದವು.

ಅವಳು ಮೈಗಳ್ಳಿಯಾಗಿರಲಿಲ್ಲ. ಆ ಕೋಣೆಯಲ್ಲಿ ಯಾರೂ ಮೈಗಳ್ಳರಾಗಿರಲಿಲ್ಲ. ಧೂಳಿನ ಕೋಡ್ ಹಾಕಿದರೆ ದಾಖಲೆ ವಾಪಸು ಬರುತ್ತಿತ್ತು, ಅದು ತೊಂದರೆ. ಎದೆಯ ಎಕ್ಸ್-ರೇ ಎಲ್ಲಿ, ಡಾಕ್ಟರ ಸಹಿ ಎಲ್ಲಿ, ಮಿಲ್ಲಿನವರ ಪತ್ರ ಎಲ್ಲಿ ಎಂದು ಮೇಲಿನವರು ಕೇಳುತ್ತಿದ್ದರು. ಸತ್ತವನ ಎಕ್ಸ್-ರೇಯನ್ನು ಎಲ್ಲಿಂದ ತರುವುದು? ಹೃದಯ ಎಂದು ಹಾಕಿದರೆ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಯಾರೇ ಸತ್ತರೂ ಕೊನೆಗೆ ಹೃದಯ ನಿಲ್ಲುತ್ತದಲ್ಲ! ಹೊಸದಾಗಿ ಬಂದವರಿಗೆ ಹಳಬರು ಮೊದಲು ಕಲಿಸುತ್ತಿದ್ದುದೇ ಇದು: ವಾಪಸು ಬಾರದ ಕಾರಣ ಹಾಕು. ಹಾಗೆ ಹಾಕಿಹಾಕಿ ಕೋಡಕ್ಕನ ಕೆಲಸದಲ್ಲಿ ಒಂದೂ ವಾಪಸು ಬರದ ವರ್ಷ ಅವಳಿಗೆ ಗೋಡೆ ಗಡಿಯಾರ ಬಹುಮಾನ ಬಂದಿತ್ತು. ಅಳಿಯನಿಗೆ ಪಾಠ ಹೇಳಿಕೊಡಲು ಯಾರ ಕೆಲಸವನ್ನು ಆರಿಸಿಕೊಳ್ಳುವುದು ಎಂಬ ಮಾತು ಬಂದಾಗ ಎಲ್ಲರೂ ತೋರಿಸಿದ್ದು ಅವಳನ್ನೇ. ಅವತ್ತು ಅವಳು ಹಿಗ್ಗಿ ಹೀರೆಕಾಯಿಯಾಗಿದ್ದಳು.

ಅವಳ ಒಬ್ಬನೇ ತಮ್ಮ ಅದೇ ಮಿಲ್ಲಿನಲ್ಲಿ, ಉದ್ದಣ್ಣ ನಿಲ್ಲುತ್ತಿದ್ದ ಯಂತ್ರದ ಪಕ್ಕದಲ್ಲೇ ದುಡಿಯುತ್ತಿದ್ದ. ಹೋದ ಚಳಿಗಾಲದಿಂದ ಅವನಿಗೂ ಕೆಮ್ಮು. ಮಿಲ್ಲಿನ ಕೆಲಸಗಾರರೆಲ್ಲ ಸೇರಿ ಧೂಳು ಎಳೆಯುವ ಕೊಳವೆ ಹಾಕಿಸಿ ಎಂದು ಕಾರ್ಖಾನೆ ತಪಾಸಣೆಯವರ ಬಾಗಿಲು ಬಡಿದಿದ್ದರು. ನಿಮ್ಮ ಬಡಾವಣೆಯಲ್ಲಿ ಧೂಳಿನಿಂದ ಸತ್ತವರ ಲೆಕ್ಕ ಸರ್ಕಾರದ ಪುಸ್ತಕದಲ್ಲಿ ಬರಲಿ, ಮರುದಿನವೇ ಮಿಲ್ಲಿಗೆ ಬೀಗ ಹಾಕಿಸಿ ಕೊಳವೆ ಕೂರಿಸುತ್ತೇವೆ ಎಂದು ಅವರು ಹೇಳಿದ್ದರು. ಕೋಡಕ್ಕನ ಕಚೇರಿಯೇ ವರ್ಷಕ್ಕೊಮ್ಮೆ ತರುವ ಆ ಪುಸ್ತಕ ಬರುವುದು ಮುಂದಿನ ವಾರ. ತಮ್ಮ ಅದಕ್ಕಾಗಿ ಚಾತಕಪಕ್ಷಿಯ ಹಾಗೆ ಕಾದಿದ್ದ.

ಕೋಡಕ್ಕ ಎದ್ದು ನಿರ್ದೇಶಕರ ಕೋಣೆಗೆ ಹೋದಳು. ನಿರ್ದೇಶಕ ಅವಳ ತಮ್ಮನಿಗಿಂತ ಚಿಕ್ಕವನು. ಒಳ್ಳೆಯವನೇ, ಅವಳು ಬಂದರೆ ಈಗಲೂ ಎದ್ದು ಕುರ್ಚಿ ತೋರಿಸುತ್ತಿದ್ದ.

“ಸರ್, ಮಿಲ್ಲಿನವರ ಸಾವಿಗೆಲ್ಲ ಅದು ತಪ್ಪು ಕಾರಣ ಹಾಕ್ತಿದೆ,” ಎಂದಳು.

ಅವನು ತನ್ನ ಪರದೆಯಲ್ಲಿ ನೋಡಿದ. “ತಪ್ಪು ಅಂತ ಹೇಗೆ ಹೇಳ್ತೀರ ಅಕ್ಕಾ? ನೀವೂ ಅದನ್ನೇ ಹಾಕಿದ್ದೀರಲ್ಲ. ಇಷ್ಟು ವರ್ಷ.”

“ನಾನು ಹಾಕಿದ್ದೇ ತಪ್ಪು.”

ಅವನು ತಲೆಯೆತ್ತಿದ. ಆಮೇಲೆ ಎದ್ದುಹೋಗಿ ಬಾಗಿಲು ಮುಚ್ಚಿ ಬಂದ. “ಈ ಮಾತು ಇಲ್ಲಿಗೇ ಬಿಡಿ. ಅದು ಕಲಿತಿದ್ದೆಲ್ಲ ನಿಮ್ಮಿಂದ. ನಿಮ್ಮದೇ ತಪ್ಪು ಅಂದ್ರೆ ಹಿಂದಿನ ಪುಸ್ತಕ ಅಷ್ಟೂ ತಪ್ಪು ಅಂತ ಆಗುತ್ತೆ. ಅದನ್ನ ನಾನು ಯಾವ ಬಾಯಲ್ಲಿ ಮೇಲೆ ಹೇಳ್ಲಿ?”

“ಹಳೇದು ಹಾಳಾಗಿ ಹೋಗ್ಲಿ ಸರ್. ಈ ವರ್ಷದ್ದಾದ್ರೂ ತಿದ್ದಬಹುದಲ್ಲ?”

“ನೀವು ತಿದ್ದಿ, ಬೇಡ ಅನ್ನಲ್ಲ. ಹೊಂದದೇ ಇರೋದನ್ನ ಅದು ನಿಮಗೇ ವಾಪಸು ಕಳಿಸುತ್ತೆ. ಪುಸ್ತಕದ ಗಡುವಿನ ಹೊತ್ತಿಗೆ ಒಪ್ಪಿಗೆ ಬೀಳದೇ ಉಳಿದಿದ್ದಕ್ಕೆ ಅದು ಹಾಕಿದ ಕಾರಣಾನೇ ನಿಲ್ಲುತ್ತೆ. ಹಾಗೆ ಮಾಡಿಟ್ಟಿದ್ದಾರೆ. ನನ್ನ ಕೈಯಲ್ಲಿ ಏನೂ ಇಲ್ಲ.” ಆಮೇಲೆ, “ಸತ್ತವರಲ್ಲಿ ಯಾರಾದರೂ ನಿಮ್ಮವರಾ?” ಎಂದು ಕೇಳಿದ.

“ಇನ್ನೂ ಇಲ್ಲ,” ಎಂದಳು ಕೋಡಕ್ಕ.

ಸಂಜೆ ತಮ್ಮನ ಮನೆಗೆ ಹೋದಾಗ ಅವನು ಹಿತ್ತಲ ಮೆಟ್ಟಿಲ ಮೇಲೆ ಕೂತು ಮೈಯ ಬಿಳಿ ಧೂಳು ಕೊಡವಿಕೊಳ್ಳುತ್ತಿದ್ದ. ರೆಪ್ಪೆಯ ಮೇಲೂ ಪುಡಿಯಿತ್ತು. “ಬಾ ಬಾ, ಸರ್ಕಾರಾನೇ ಮನೆಗೆ ಬಂತು,” ಎಂದು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಅವಳು ಪಕ್ಕದಲ್ಲಿ ಕೂತು ಬೆನ್ನು ನೀವಿದಳು. ಅಂಗಿಯ ಒಳಗೆ ಪಕ್ಕೆಲುಬು ಬೆರಳಿಗೆ ಸಿಕ್ಕಿದವು.

“ಪುಸ್ತಕ ಬಂತಾ ಅಕ್ಕ? ಉದ್ದಣ್ಣನ್ನ ಸೇರಿಸಿದ್ದಾರಾ?”

ಹೇಳಬಾರದೆಂದೇ ಬಂದಿದ್ದಳು. ಆದರೆ ಅವನು ಮುಖ ನೋಡಿ ಕೇಳಿದಾಗ ಸುಳ್ಳು ಬಾಯಿಗೆ ಬರಲಿಲ್ಲ. ವಾಪಸು ಬರುವ ಕೋಡ್, ಬಾರದ ಕೋಡ್, ಗೋಡೆ ಗಡಿಯಾರ, ಅಳಿಯ ಕಲಿತ ಪಾಠ, ಎಲ್ಲವನ್ನೂ ತಲೆತಗ್ಗಿಸಿಕೊಂಡು ಹೇಳಿದಳು. ಒಳಗೆ ತಮ್ಮನ ಹೆಂಡತಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತುಹೋಯಿತು.

ತಮ್ಮ ಬೈಯುತ್ತಾನೆಂದು ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

“ಹಾಗಾದ್ರೆ ಲೆಕ್ಕ ಸೊನ್ನೆ,” ಎಂದ.

“ಸೊನ್ನೆ ಕಣೋ.”

“ನಂದೂ ಹೃದಯಾನೇ ಅಂತ ಬರುತ್ತಾ?”

“ಬಾಯಿ ಮುಚ್ಚೋ!” ಎಂದು ಗದರಿದಳು. “ಆ ಕೆಲಸ ಬಿಟ್ಟುಬಿಡೋ. ನಾಳೆನೇ ಬಿಡು.”

“ಈ ಎದೆ ಹೊತ್ಕೊಂಡು ಹೋದ್ರೆ ಬೇರೆ ಯಾರು ಕೆಲಸ ಕೊಡ್ತಾರಕ್ಕ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಮಿಲ್ಲಲ್ಲಿ ಎಲ್ರಿಗೂ ಹೇಳಿದ್ದೆ, ನಮ್ಮಕ್ಕ ಇರೋ ಆಫೀಸು ಅದು, ಅಲ್ಲಿ ಹೆಚ್ಚುಕಮ್ಮಿ ಆಗಲ್ಲ ಅಂತ.” ಏಳಲು ಅವಳ ಹೆಗಲು ಹಿಡಿದುಕೊಂಡ. ಎದ್ದ ಮೇಲೂ ಉಸಿರು ಸಿಗುವವರೆಗೆ ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಒಳಗೆ ಹೋದ.

ಮನೆಗೆ ಬಂದವಳೇ ಕುರ್ಚಿ ಹತ್ತಿ ಗಡಿಯಾರ ಇಳಿಸಿ, ಹಳೆಯ ಬಟ್ಟೆಗಳ ಪೆಟ್ಟಿಗೆಯ ತಳಕ್ಕೆ ತುರುಕಿದಳು. ಅದರಿಂದ ಏನೂ ಹಗುರವಾಗಲಿಲ್ಲ. ಹೆಗಲ ಮೇಲೆ ಬಿಳಿ ಬೆರಳುಗಳ ಗುರುತಿದ್ದ ಸೀರೆಯನ್ನು ಮಾತ್ರ ಒಗೆಯಲು ಹಾಕದೆ ಮಡಿಸಿಟ್ಟಳು.

ಮರುದಿನದಿಂದ ಅವಳು ಬೇರೆ ಯಾವ ದಾಖಲೆಗೂ ಕೈ ಹಾಕಲಿಲ್ಲ. ಈ ವರ್ಷದ ಮಿಲ್ಲಿನವರ ಸಾವುಗಳನ್ನೆಲ್ಲ ಹುಡುಕಿ ತೆಗೆದು ಧೂಳಿನ ಕೋಡ್ ಹಾಕುತ್ತಾ ಹೋದಳು. ಬೆಳಗ್ಗೆ ಕಳಿಸಿದ್ದು ಊಟದ ಹೊತ್ತಿಗೆ ವಾಪಸು ಬರುತ್ತಿತ್ತು, ಊಟದ ಮೇಲೆ ಕಳಿಸಿದ್ದು ಬಾಗಿಲು ಹಾಕುವ ಹೊತ್ತಿಗೆ. ಒಂದೂ ವಾಪಸು ಬರಲಿಲ್ಲವೆಂದು ಬಹುಮಾನ ಪಡೆದವಳಿಗೆ ಈಗ ಬರೀ ವಾಪಸು. ಪ್ರತಿ ಸಲವೂ ಅದೇ ವಿನಯ, ಉದಾಹರಣೆ ನೋಡುವಿರಾ ಎಂಬ ಅದೇ ಪ್ರಶ್ನೆ. ನಿರ್ದೇಶಕ ಒಮ್ಮೆ ಬಂದು ಬೆನ್ನ ಹಿಂದೆ ನಿಂತ. ಆಮೇಲೆ ತನ್ನ ಕೋಣೆಗೆ ಹೋದ.

ತಿಂಗಳ ಕೊನೆಗೆ, ಗಡುವಿನ ದಿನ ಅವಳು ಮಡಿಸಿಟ್ಟಿದ್ದ ಸೀರೆಯನ್ನೇ ಉಟ್ಟು ಬಂದಳು. ಕೋಣೆ ಖಾಲಿ ಮಾಡುವ ಆಳುಗಳು ಬೆಳಗ್ಗೆಯಿಂದಲೇ ಮೇಜುಗಳನ್ನು ಹೊರಗೆ ಸಾಗಿಸುತ್ತಿದ್ದರು. ಗೋಡೆಯ ಬುಡದಲ್ಲಿ ಮೇಜಿದ್ದ ಕಡೆಯೆಲ್ಲ ನೆಲದ ಬಣ್ಣ ಬೇರೆಯಾಗಿತ್ತು. ಸಂಜೆಗೆ ಉಳಿದದ್ದು ಅವಳ ಮೇಜು, ಅವಳ ಕುರ್ಚಿ. ಉದ್ದಣ್ಣನ ಸಾವು ಮತ್ತೆ ವಾಪಸು ಬಂದಿತ್ತು.

“ಅಮ್ಮಾ, ಕುರ್ಚಿ ಬೇಕಿತ್ತು. ಗಾಡಿ ಹೊರಡುತ್ತೆ,” ಎಂದ ಒಬ್ಬ ಆಳು, ಸಂಕೋಚದಿಂದ.

“ತಗೊಳ್ಳಪ್ಪ,” ಎಂದು ಎದ್ದಳು.

ಅವನು ಕುರ್ಚಿ ಎತ್ತಿಕೊಂಡವನು, “ಹೆಗಲ ಮೇಲೆ ಸುಣ್ಣ ಆಗಿದೆ ನೋಡಿ,” ಎಂದ. ಅವಳು ಹೂಂ ಎಂದಳು, ಒರೆಸಿಕೊಳ್ಳಲಿಲ್ಲ. ನಿಂತೇ ಪರದೆಯ ಕಡೆಗೆ ಬಾಗಿ, ‘ಹೃದಯ’ವನ್ನು ಒಂದೊಂದೇ ಅಕ್ಷರ ಅಳಿಸತೊಡಗಿದಳು.